ನನ್ನ ರೋಡಿನ ಹೆಸರು ಅಳಿಸಿದವರು

ಮತ್ತೆ ಬದಲಾಗಿತ್ತು! ಯಾರು ಬೇಕಾದರೂ ಸೇರಿ ಬಿಡಿಸಬಹುದಾದ ಇಂಟರ್ನೆಟ್ಟಿನ ಉಚಿತ ನಕ್ಷೆಯಲ್ಲಿ, ಗೋಕಾಕದ ಸೈಬರ್ ಕೆಫೆಯಲ್ಲಿ ಕುಳಿತು ನಾನು ‘ಮೇಲವಂಕಿ ರೋಡ್’ ಎಂದು ಬರೆದಾಗಲೆಲ್ಲ ಯಾರೋ ಅದನ್ನು ಅಳಿಸಿ ‘ಗೋಕಾಕ ರೋಡ್’ ಮಾಡುತ್ತಿದ್ದರು. ಸಿಟ್ಟಿನಿಂದ ಇನ್ನೊಮ್ಮೆ ತಿದ್ದಿದೆ.

ಪಕ್ಕದ ಹಲಗೆಗೋಡೆಯ ಆಚೆಯಿಂದ ಹೆಣ್ಣುಮಗಳೊಬ್ಬರ ಜೋರು ದನಿ ಕೇಳಿತು: “ಯಾರ್ರೀ ಅದು, ನಮ್ಮೂರ ರೋಡಿನ ಹೆಸರು ಕೆಡಸಾಕತ್ತವ್ರು?”

ಎದ್ದು ಇಣುಕಿದೆ. ಅವರ ಪರದೆಯ ಮೇಲೂ ಅದೇ ನಕ್ಷೆ, ಅದೇ ರಸ್ತೆ!

“ಅದು ಮೇಲವಂಕಿಗೆ ಹೋಗೂ ರೋಡ್ ಅಲ್ಲೇನ್ರಿ ಅಕ್ಕಾರ?” ಎಂದೆ.

“ನಿಮಗ ಹಂಗ. ನಾವು ಮೇಲವಂಕಿಯವರು. ನಮಗದು ಗೋಕಾಕ ರೋಡ್ರಿ!”

ಇಬ್ಬರೂ ನಕ್ಕು ಎರಡೂ ಹೆಸರು ಹಾಕಿದೆವು.

ಇಡೀ ತಾಲ್ಲೂಕಿನಲ್ಲಿ ಈ ಹುಚ್ಚು ನನಗೊಬ್ಬನಿಗೇ ಎಂದುಕೊಂಡಿದ್ದೆ. ಅಂದಿನಿಂದ ಹೋಗುವಾಗ ಅದು ನನಗೆ ಮೇಲವಂಕಿ ರೋಡ್, ಬರುವಾಗ ಗೋಕಾಕ ರೋಡ್.