ಚೂರು ಜಾಸ್ತಿ ಹಬೆ

ಹಬೆಯ ಮೀಟರಿನ ಮುಳ್ಳು ಮತ್ತೆ ಮೇಲೇರಿ ಕೂತಿತ್ತು. ನಿನ್ನೆ ಸಂಜೆ ಮನೆಗೆ ಹೊರಡುವಾಗ ತಾನೇ ಕೈಯಾರೆ ವಾಲ್ವು ತಿರುಗಿಸಿ ಇಳಿಸಿಟ್ಟು ಹೋಗಿದ್ದ ಮುಳ್ಳು. ಬೆಳಿಗ್ಗೆ ಹೆಗಲ ಚೀಲ ಇಳಿಸುವ ಮೊದಲೇ ಅದನ್ನು ಕಂಡು ಲೆಕ್ಕದಕ್ಕನಿಗೆ ಮೈಯೆಲ್ಲ ಉರಿದುಹೋಯಿತು.

ಅದು ಬಣ್ಣದ ಕಾರ್ಖಾನೆ. ಪಾತ್ರೆ ತೊಳೆದು ಕೊಳೆಯಾದ ಥಿನ್ನರನ್ನು ಅಲ್ಲಿ ಎತ್ತರದ ಕಬ್ಬಿಣದ ಗೋಪುರವೊಂದರಲ್ಲಿ ಹಬೆಯಿಂದ ಕಾಯಿಸಿ, ಬಟ್ಟಿ ಇಳಿಸಿ, ಮತ್ತೆ ತಿಳಿಯಾಗಿಸುತ್ತಾರೆ. ಹಬೆ ಎಷ್ಟು ಕೊಡಬೇಕು, ಒಳಗೆ ಹೋಗುವ ಕೊಳೆ ಎಷ್ಟು ಬೆಚ್ಚಗಿರಬೇಕು, ಮೇಲೇರಿ ಬಂದದ್ದರಲ್ಲಿ ಎಷ್ಟನ್ನು ಗೋಪುರಕ್ಕೇ ವಾಪಸು ಬಿಡಬೇಕು, ಇವನ್ನೆಲ್ಲ ಒಂದಕ್ಕೊಂದು ಹೊಂದಿಸಿದರೆ ಅತಿ ಕಡಿಮೆ ಹಬೆಯಲ್ಲೇ ಸರಕು ಶುದ್ಧವಾಗುವ ಒಂದು ಜಾಗ ಸಿಗುತ್ತದೆ. ಕಂಪ್ಯೂಟರಿನಲ್ಲಿ ಲೆಕ್ಕ ಹಾಕಿ ಆ ಜಾಗ ಹುಡುಕುವುದು ಅವಳ ಕೆಲಸ; ಅದಕ್ಕೇ ಎಲ್ಲರ ಬಾಯಲ್ಲೂ ಅವಳು ಲೆಕ್ಕದಕ್ಕ. ಅವಳು ದರ್ಜಿಯ ಮಗಳು. ಚಿಂದಿ ಉಳಿಯದ ಹಾಗೆ ಅಳತೆಯ ಕಾಗದಗಳನ್ನು ಬಟ್ಟೆಯ ಮೇಲೆ ತಿರುಗಿಸಿ ಮುರುಗಿಸಿ ಇಡುವುದನ್ನು ಅಪ್ಪನ ಮೇಜಿನ ಪಕ್ಕ ನಿಂತು ನೋಡಿ ಬೆಳೆದವಳು. ಓದಿದ್ದು ದೊಡ್ಡ ಓದಾದರೂ ಒಳಗಿನ ಹಟ ಮಾತ್ರ ಅದೇ.

ಹೊಸ ಲೆಕ್ಕ ಸಿದ್ಧವಾಗಿ ಎಷ್ಟೋ ದಿನ ಕಳೆದಿದ್ದರೂ ಅದರಂತೆ ಗೋಪುರ ಒಮ್ಮೆಯೂ ನೆಟ್ಟಗೆ ಓಡಿರಲಿಲ್ಲ. ಮ್ಯಾನೇಜರಿಗೂ ಸಾಕಾಗಿತ್ತು. ಅವತ್ತು ಮುಳ್ಳು ನೋಡಿದವರೇ, "ನಾಳೆ ಕೊನೇ ಸಲ ನೋಡೋಣ. ಆಗಲಿಲ್ಲ ಅಂದ್ರೆ ಈ ಲೆಕ್ಕ ಕಟ್ಟಿಡಿ. ಸ್ಟೋರ್ಸಿನಲ್ಲಿ ನಟ್ಟು ಬೋಲ್ಟು ತರಿಸೋಕೆ ಜನ ಇಲ್ಲ, ಅಲ್ಲಿಗೆ ಹೋಗಿ" ಎಂದುಬಿಟ್ಟರು.

ಗೋಪುರ ನಡೆಸುವ ಹಿರಿಯನಿಗೆ ಕಾರ್ಖಾನೆಯವರು ಚೂರುಮಾವ ಎಂದು ಹೆಸರಿಟ್ಟಿದ್ದರು. ಯಾವುದಕ್ಕೂ "ಚೂರು ಜಾಸ್ತಿ ಇರ್ಲಿ ಬಿಡಿ" ಅನ್ನುವುದು ಅವನ ಚಾಳಿ.

"ಮಾವ, ಮುಳ್ಳು ಯಾರು ಮುಟ್ಟಿದ್ದು?"

"ನಾನೇ ಮೇಡಮ್ಮಾ. ಒಂದು ಕೂದಲೆಳೆಯಷ್ಟು."

"ಕೂದಲಾ ಇದು? ಇದನ್ನ ಜಡೆ ಹಾಕ್ಬಹುದು!"

ಚೂರುಮಾವ ನಗಲಿಲ್ಲ. "ಹಬೆ ದಂಡವಾದ್ರೆ ಯಾರೂ ಕೇಳಲ್ಲ. ಸರಕು ಕೆಟ್ರೆ ನನ್ನ ಕತ್ತಿಗೆ ಬರುತ್ತೆ. ಹಿಂದೆ ಒಂದ್ಸಲ ನೀರಿನಂಶ ಉಳಿದು ಬಣ್ಣವೆಲ್ಲ ಗುಳ್ಳೆ ಎದ್ದಾಗ ಎಲ್ಲರೆದುರು ತಲೆ ತಗ್ಗಿಸಿ ನಿಂತವನು ನಾನು, ನಿಮ್ಮ ಕಂಪ್ಯೂಟರಲ್ಲ."

ಅವನೊಬ್ಬನೇ ಆಗಿದ್ದರೆ ಹೇಗೋ ಸಂಭಾಳಿಸಬಹುದಿತ್ತು. ಬಾಯ್ಲರಿನವನನ್ನು ಕೇಳಿದರೆ, "ಇವ್ರು ಹೇಗೂ ಜಾಸ್ತಿ ಕೇಳ್ತಾರಲ್ಲ, ನಾನು ಮೊದಲೇ ಏರಿಸಿರ್ತೀನಿ" ಎಂದ. ಸರಕು ಪರೀಕ್ಷೆ ಮಾಡುವವಳು ಬೇಕಾದದ್ದಕ್ಕಿಂತ ಒಂದು ಗೆರೆ ಹೆಚ್ಚೇ ಶುದ್ಧಿ ಕೇಳುತ್ತಿದ್ದಳು. ಯಾಕಮ್ಮ ಅಂದರೆ, "ಆಮೇಲೆ ನನ್ನನ್ನ ಯಾರೂ ಅನ್ನಬಾರ್ದು, ಅಷ್ಟೇ" ಅನ್ನುವಳು. ಯಾರದೂ ದೊಡ್ಡ ತಪ್ಪಲ್ಲ. ಎಲ್ಲರ ಚೂರೂ ಸೇರಿ ಚಿಮಣಿಯಿಂದ ಬೆಳ್ಳಗೆ ಆಕಾಶಕ್ಕೆ ಹೋಗುತ್ತಿತ್ತು.

ಮನೆಗೆ ಬಂದರೆ ಅಲ್ಲೂ ಅದೇ. ಅತ್ತೆ ಟೀ ಸೋಸುತ್ತಿದ್ದರು. ಲೋಟಗಳೆಲ್ಲ ತುಂಬಿದ ಮೇಲೂ ಪಾತ್ರೆಯಲ್ಲಿ ಒಂದು ಲೋಟದಷ್ಟು ಉಳಿದಿತ್ತು. ದಿನಾ ಉಳಿಯುತ್ತಿತ್ತು, ದಿನಾ ಬಚ್ಚಲಿಗೆ ಹೋಗುತ್ತಿತ್ತು.

"ಅತ್ತೆ, ಇದು ಯಾರಿಗೆ?"

"ಯಾರಾದ್ರೂ ಬಂದ್ರೆ?"

"ಯಾರು ಬರ್ತಾರೆ? ಇಷ್ಟು ವರ್ಷದಲ್ಲಿ ಯಾರು ಬಂದಿದ್ದಾರೆ ಈ ಹೊತ್ತಿಗೆ?" ದನಿ ಏರಿದ್ದು ಅವಳಿಗೇ ಕೇಳಿಸಿತು, ಆದರೂ ತಡೆಯಲಾಗಲಿಲ್ಲ. "ಅಲ್ಲೂ ಇದೇ, ಇಲ್ಲೂ ಇದೇ! ಹಾಳು ಮಾಡೋಕೆ ಎಲ್ಲರೂ ಸಾಲುಗಟ್ಟಿ ನಿಂತಿದ್ದೀರಿ!"

ಅತ್ತೆ ಸೋಸುವ ಬಟ್ಟೆ ಹಿಂಡಿ, ಕೈ ಒರೆಸಿಕೊಂಡು, ಗೋಡೆಯ ಕಡೆ ಗದ್ದ ಎತ್ತಿದರು. "ಬಸ್ಸು ತಪ್ಪೀತು ಅಂತ ಆ ಗಡಿಯಾರಾನ ಹತ್ತು ನಿಮಿಷ ಮುಂದಕ್ಕೆ ತಿರುಗಿಸಿದ್ದು ಯಾರು ತಾಯಿ? ನನ್ನ ಟೀ ಮಾತ್ರ ಕಣ್ಣು ಕುಕ್ಕುತ್ತೆ."

ಲೆಕ್ಕದಕ್ಕ ಗಡಿಯಾರದ ಕಡೆ ನೋಡಿದಳು. ನಾಚಿಕೆಯ ಜೊತೆಗೇ ಇನ್ನೇನೋ ನೆನಪಾಯಿತು. ಸರಕು ಇಷ್ಟು ಶುದ್ಧವಿರಲೇಬೇಕು ಎಂದು ಕಂಪ್ಯೂಟರಿಗೆ ಹೇಳುವಾಗ, ಪರೀಕ್ಷೆಯವಳು ಕೇಳಿದ್ದರ ಮೇಲೆ ತಾನೂ ಒಂದಿಷ್ಟು ಸೇರಿಸಿದ್ದಳಲ್ಲ! ಸುಮ್ಮನೆ, ಇರಲಿ ಅಂತ. ಇಷ್ಟು ದಿನ ಅತಿ ಕಡಿಮೆ, ಅತಿ ಕಡಿಮೆ ಎಂದು ಜಗಳ ಕಾದದ್ದು ಅತಿ ಕಡಿಮೆಯೇ ಆಗಿರಲಿಲ್ಲ.

ಬೆಳಿಗ್ಗೆ ಹೋದವಳೇ ತನ್ನದನ್ನು ತೆಗೆದು ಲೆಕ್ಕ ಮತ್ತೆ ಓಡಿಸಿದಳು. ಮುಳ್ಳು ನಿಲ್ಲಬೇಕಾದ ಜಾಗ ಇನ್ನೂ ಕೆಳಗೆ ಬಂತು. ಬಾಯ್ಲರಿನವನನ್ನು ಕಾಡಿ ಬೇಡಿ ಒಪ್ಪಿಸಿದಳು. ಚೂರುಮಾವನಿಗೆ, "ನಾನೂ ನಿಮ್ಮ ಹಾಗೇ ಸೇರಿಸಿದ್ದೆ ಮಾವ, ತೆಗೆದೆ. ಇವತ್ತು ನೀವು ಮುಟ್ಟಬೇಡಿ. ಕೆಟ್ಟರೆ ಕತ್ತು ನನ್ನದು" ಎಂದಳು.

"ಮೇಡಮ್ಮಾ, ಅದು ಇನ್ನೂ ಇಳಿದಿದೆಯಲ್ಲಾ!" ಎಂದು ಅವನು ಕೂಗಿಕೊಂಡ. ಆದರೂ ಕೈ ಹಿಂದಕ್ಕೆ ಕಟ್ಟಿಕೊಂಡ. ಇಡೀ ದಿನ ಇಬ್ಬರೂ ಆ ವಾಲ್ವಿನ ಮುಂದೆ ಒಬ್ಬರನ್ನೊಬ್ಬರು ಕಾವಲು ಕಾಯುತ್ತ ನಿಂತರು. ಸಾಲದ್ದಕ್ಕೆ ಅವಳ ಬೆರಳೇ ಎರಡು ಸಲ ವಾಲ್ವಿನ ಕಡೆ ಹೋಯಿತು. "ಉಹ್ಞೂಂ, ಉಹ್ಞೂಂ" ಎಂದು ಅವನೇ ಗದರಿದ.

ಸಂಜೆ ಸರಕಿನ ಮಾದರಿ ತುಂಬಿದ ಸೀಸೆ ಪರೀಕ್ಷೆಗೆ ಹೋಯಿತು. ಪಾಸಾಯಿತು, ಅಂಚಿನಲ್ಲಿ. ಮ್ಯಾನೇಜರು ಹಬೆಯ ಮೀಟರು ನೋಡಿ ಹುಬ್ಬೇರಿಸಿದರು. "ಭೇಷ್. ಇದನ್ನೇ ಇಟ್ಕೊಳ್ಳಿ. ಸ್ಟೋರ್ಸಿಗೆ ಬೇರೆ ಯಾರನ್ನಾದ್ರೂ ನೋಡ್ತೀನಿ" ಎಂದು ನಾಲ್ಕು ಹೆಜ್ಜೆ ಹೋದವರು ತಿರುಗಿದರು. "ಆದ್ರೂ ಅಂಚಿಗೆ ಬಂದಿದೆಯಲ್ವಾ? ಚೂರು ಜಾಸ್ತಿ ಇರ್ಲಿ."

ಚೂರುಮಾವ ಕೆಮ್ಮುವ ನೆಪದಲ್ಲಿ ಬಾಯಿಗೆ ಟವೆಲ್ಲು ಒತ್ತಿಕೊಂಡ.

ಅವಳಿಗೆ ಅಳಬೇಕೋ ಅರಚಬೇಕೋ ತಿಳಿಯಲಿಲ್ಲ. ಹಲ್ಲು ಕಚ್ಚಿ, "ಎಷ್ಟು ಅಂತ ಅಳತೆ ಹೇಳಿಬಿಡಿ ಸರ್. ಅಷ್ಟನ್ನ ನಾನೊಬ್ಬಳೇ, ಒಂದೇ ಕಡೆ ಸೇರಿಸ್ತೀನಿ. ಇನ್ಯಾರೂ ಮುಟ್ಟಬಾರ್ದು" ಎಂದಳು. ಅವರು ಹೇಳಿದರು, ಅವಳು ಸೇರಿಸಿದಳು. ಮುಳ್ಳು ಒಂದಿಷ್ಟು ಏರಿ ನಿಂತಿತು. ನಿನ್ನೆಯದಕ್ಕಿಂತ ಎಷ್ಟೋ ಕೆಳಗೆ, ಅವಳು ಕಂಡ ಜಾಗಕ್ಕಿಂತ ಸ್ವಲ್ಪ ಮೇಲೆ.

ಮನೆಗೆ ಬಂದು ಚಪ್ಪಲಿ ಬಿಟ್ಟವಳೇ ಕುರ್ಚಿ ಎಳೆದು ಹತ್ತಿ ಗಡಿಯಾರ ಇಳಿಸಿದಳು. ಸರಿಯಾದ ಹೊತ್ತಿಗೆ ತಿರುಗಿಸುತ್ತ ತಿರುಗಿಸುತ್ತ, ಕೊನೆಯ ಎರಡು ನಿಮಿಷದ ಹತ್ತಿರ ಕೈ ನಿಂತಿತು. ನಾಳೆ ಬಸ್ಸು ತಪ್ಪಿದರೆ ಹಬೆಯ ಮುಳ್ಳಿನ ಹತ್ತಿರ ಚೂರುಮಾವ ಒಬ್ಬನೇ ಇರುತ್ತಾನೆ.

"ಏನೇ, ಅಷ್ಟಕ್ಕೇ ನಿಲ್ಲಿಸಿದೆ?" ಎಂದರು ಕೆಳಗಿನಿಂದ ಅತ್ತೆ.

"ಸುಮ್ನಿರಿ ಅತ್ತೆ" ಎಂದು ಸಿಡುಕಿ, ಗಡಿಯಾರವನ್ನು ಹಾಗೇ ಮೊಳೆಗೆ ನೇತುಹಾಕಿದಳು.