ಸುಳಿಗೆ ಬಿದ್ದ ಕತ್ತರಿ

ಬೀದಿಯವರು ಅವನಿಗಿಟ್ಟ ಹೆಸರು ಇನ್ನೊಂಚೂರು. ಅವನ ಕ್ಷೌರದಂಗಡಿಯ ಕುರ್ಚಿಯಲ್ಲಿ ಕೂತವರು "ಸಾಕು ಬಿಡಪ್ಪ" ಅಂದರೂ, "ಇನ್ನೊಂಚೂರು, ಸಮ ಆಗ್ಲಿ" ಅನ್ನುತ್ತ ಕತ್ತರಿ ಆಡಿಸುವವನು. ಕೈ ಒಳ್ಳೆಯದೇ, ನಿಲ್ಲುವುದಿಲ್ಲ ಅಷ್ಟೆ. ಕನ್ನಡಿ ನೋಡಿ ಮುಖ ಸಣ್ಣಗೆ ಮಾಡಿಕೊಂಡವರಿಗೆ ಅವನದು ಒಂದೇ ಸಮಾಧಾನ: "ಕೂದಲು ತಾನೇ, ಮತ್ತೆ ಬರುತ್ತೆ ಬಿಡಿ."

ಅಕ್ಕನಿಗೂ ಅದನ್ನೇ ಹೇಳಿದ್ದ. ದೊಡ್ಡ ಕಾಯಿಲೆಯ ಚಿಕಿತ್ಸೆಗೆ ದೂರದ ಆಸ್ಪತ್ರೆಗೆ ಹೊರಟವಳು, ಔಷಧಕ್ಕೆ ಕೂದಲು ಉದುರುವುದನ್ನು ನೋಡಲಾರೆ ಎಂದು ತಮ್ಮನ ಕೈಯಲ್ಲೇ ತಲೆ ಬೋಳಿಸಿಕೊಂಡಳು. ಆಮೇಲೆ ಮನೆಯ ಮೂಲೆಯಲ್ಲಿ ಸಾಕಿದ್ದ ಮೊಣಕಾಲೆತ್ತರದ ತಾಳೆಗಿಡವನ್ನು ಕುಂಡದ ಸಮೇತ ಅಂಗಡಿಗೆ ತಂದಿಟ್ಟಳು.

"ಇದು ನೆರಳಿನ ಗಿಡ ಕಣೋ. ಬಿಸಿಲಿಗೆ ಇಡ್ಬೇಡ. ಮಣ್ಣಿಗೆ ಬೆರಳಿಟ್ಟು ನೋಡಿ, ಒಣಗಿದ್ರೆ ಮಾತ್ರ ನೀರು ಹಾಕು. ನಾನು ಬರೋ ಹೊತ್ತಿಗೆ ಹೊಸ ಗರಿ ಬಿಟ್ಟಿರ್ಬೇಕು."

ಎಲ್ಲವನ್ನೂ ಚಾಚೂ ತಪ್ಪದೆ ಪಾಲಿಸಿದ. ಕತ್ತರಿ ಹಾಕಬೇಡ ಅಂತ ಅಕ್ಕ ಹೇಳಿರಲಿಲ್ಲ. ಹೇಳಬೇಕು ಅಂತ ಯಾರಿಗೆ ತಾನೇ ಹೊಳೆದೀತು? ಕೆಲಸವಿಲ್ಲದ ಕ್ಷೌರಿಕ ಬೆಕ್ಕಿನ ತಲೆ ಬೋಳಿಸಿದನಂತೆ. ಗಿರಾಕಿಯಿಲ್ಲದ ಒಂದು ಮಧ್ಯಾಹ್ನ ಗಿಡದ ಒಣ ತುದಿಗಳನ್ನು ತೆಗೆಯಲು ಕೂತವನು, ಇನ್ನೊಂಚೂರು, ಇನ್ನೊಂಚೂರು ಎನ್ನುತ್ತ ನೆತ್ತಿಯಲ್ಲಿ ನೆಟ್ಟಗೆ ನಿಂತಿದ್ದ ಎಳೆ ಸುಳಿಯನ್ನೂ ಬುಡಸಮೇತ ಕತ್ತರಿಸಿ, ದುಂಡಗೆ ಕಟಿಂಗ್ ಮಾಡಿಬಿಟ್ಟ. ಚೆಂದವೂ ಕಂಡಿತು.

ಗಿಡ ಮಾರುವವಳು ಗಾಡಿ ನಿಲ್ಲಿಸಿ ಇಣುಕಿ, ತಲೆ ಚಚ್ಚಿಕೊಂಡಳು. "ತೆಂಗಿನ ಜಾತಿ ಅಣ್ಣ ಇದು. ಬೆಳೆಯೋದು ಆ ಒಂದು ಸುಳಿಯಿಂದಾನೇ. ಇನ್ನು ಇರೋ ಗರಿ ಒಣಗೋವರೆಗೆ ಅಷ್ಟೇ."

ಅಕ್ಕ ಫೋನ್ ಮಾಡಿದಾಗಲೆಲ್ಲ ಮೊದಲು ವಿಚಾರಿಸುವುದೇ ಗಿಡವನ್ನು. "ಗರಿ ಬಂತೇನೋ?" ದನಿ ಅಷ್ಟು ಸೋತಿರುವಾಗ ಇಲ್ಲ ಅನ್ನುವುದು ಹೇಗೆ? "ಬಂತಕ್ಕ" ಅಂದ. ಮುಂದಿನ ಸಲ "ಎರಡನೇದೂ ಬಂತು" ಅಂದ. "ಹಾಗಾದ್ರೆ ನಾನೂ ಏಳ್ತೀನಿ ಬಿಡು" ಎಂದು ಅವಳು ನಕ್ಕಳು. ಅವನು ಫೋನ್ ಇಟ್ಟು, ಗಿಡಕ್ಕೆ ಬೆನ್ನು ಮಾಡಿ ಕೂತ. ತನ್ನ ಮೇಲೆ ತನಗೇ ಹೇಸಿಗೆಯಾಯಿತು.

ಅಕ್ಕ ಎದ್ದಳು. ಒಂದು ಬೆಳಿಗ್ಗೆ ಹೇಳದೆ ಕೇಳದೆ ಅಂಗಡಿಗೇ ಬಂದಳು, ತಲೆ ತುಂಬ ಬೆರಳುದ್ದದ ಹೊಸ ಕೂದಲು. ಕುಂಡದ ಮುಂದೆ ಕೂತು, ಗಿಡದ ಬೋಳು ನೆತ್ತಿಯನ್ನು ಮುಟ್ಟಿ ನೋಡಿದಳು. ಆ ಎರಡು ಗರಿ ಎಲ್ಲಿ ಅಂತ ಕೇಳಲಿಲ್ಲ. ತಮ್ಮನ ಮುಖ ನೋಡಿ ಅವಳೇ ಸಮಾಧಾನ ಹೇಳಿದಳು: "ಹೋಗ್ಲಿ ಬಿಡೋ. ನನಗೆ ಬರ್ಲಿಲ್ವಾ? ಇದಕ್ಕೂ ಬರುತ್ತೆ."

ಸುಮ್ಮನಿದ್ದಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು.

"ಬರಲ್ಲ ಅಕ್ಕ" ಅಂದ. "ಬರೋ ಜಾಗಾನೇ ಕತ್ತರಿಸಿಬಿಟ್ಟೆ. ಗೊತ್ತಿದ್ದೂ ನಿಂಗೆ ಸುಳ್ಳು ಹೇಳ್ದೆ."

ಅವಳು ಗಿಡದ ಮೇಲಿಂದ ಕೈ ತೆಗೆದಳು. "ಆ ಎರಡು ಗರೀನ ನೆನೆಸ್ಕೊಂಡೇ ನಾನು ಅಲ್ಲಿ ಮಾತ್ರೆ ನುಂಗ್ತಿದ್ದೆ" ಅಂದಳು. ಆಮೇಲೆ ಎದ್ದು ಕುರ್ಚಿಯಲ್ಲಿ ಕೂತು, ಬಟ್ಟೆಯನ್ನು ತಾನೇ ಕುತ್ತಿಗೆಗೆ ಕಟ್ಟಿಕೊಂಡಳು. "ಕಿವಿ ಹಿಂದೆ ಸ್ವಲ್ಪ ಸರಿ ಮಾಡು. ನೆತ್ತಿಗೆ ಕೈ ಹಚ್ಬೇಡ."

ಅವನು ಕತ್ತರಿಯನ್ನು ಎರಡೇ ಸಲ ಆಡಿಸಿ, "ಸಾಕಾ ಅಕ್ಕ?" ಎಂದು ಕೇಳಿದ. ಹಾಗೆ ಅವನು ಅದುವರೆಗೆ ಯಾರನ್ನೂ ಕೇಳಿದವನಲ್ಲ.