ಮಂಜಯ್ಯನವರ ಎದುರುಗೇಟು

ಕಿರಿಮಂಜೇಶ್ವರದ ರತ್ನಳ ಬಾಯಿಗೆ ಹೆದರದವರಿಲ್ಲ. ಮದುವೆಯಾಗಿ ಬಂದಾಗಿನಿಂದ ತಲೆ ಮೇಲೆ ಬುಟ್ಟಿ ಹೊತ್ತು ಮನೆಮನೆಗೆ ಮೀನು ಮಾರಿದವಳು. ಮೀನು ಮಾರುವ ಹೆಂಗಸರಲ್ಲಿ ಒಂದು ಕಟ್ಟು ಇದೆ: ಒಬ್ಬಳು ಖಾಯಂ ಕೊಡುವ ಮನೆಯಲ್ಲಿ ಇನ್ನೊಬ್ಬಳು ಬುಟ್ಟಿ ಇಳಿಸುವಂತಿಲ್ಲ. ಖಾಯಂ ಕೊಡುವವಳ ಜತೆ ಮನೆಯವರಿಗೆ ಜಗಳವಾದರೆ, ಅದು ಮುಗಿಯುವ ತನಕ ಬರೀ ತರಕಾರಿ ಸಾರೇ ಗತಿ.

ಅವಳ ಖಾಯಂ ಮನೆಗಳಲ್ಲಿ ದೊಡ್ಡದು ಮಂಜಯ್ಯನವರದ್ದು. ಮುಂಬೈಯಲ್ಲಿ ಹೋಟೆಲು, ಊರಲ್ಲಿ ಗದ್ದೆ, ಮೇಲಿಂದ ದೇವಸ್ಥಾನದ ಟ್ರಸ್ಟಿನ ಅಧ್ಯಕ್ಷಗಿರಿ. ಟ್ರಸ್ಟಿಗೊಂದು ಅನುದಾನಿತ ಶಾಲೆ. ಮಾಸ್ತರರ ಸಂಬಳ, ಅಕ್ಕಿ, ಮೊಟ್ಟೆ ಎಲ್ಲ ಸರ್ಕಾರದ್ದು. ಬೋರ್ಡು ಮಾತ್ರ ದೇವರದ್ದು. ಮಂಜಯ್ಯನವರಿಗೆ ಅಂಜಲ್ ಮೀನಿಲ್ಲದೆ ಊಟ ಇಳಿಯದು. ಆದರೂ ಅಧ್ಯಕ್ಷರಾದ ಮೇಲೆ, ರತ್ನ ಟ್ರಸ್ಟಿನವರ ಕಣ್ಣಿಗೆ ಬೀಳದಂತೆ ಹಿತ್ತಿಲ ಬಾಗಿಲಿಗೆ ಬರಬೇಕು, ಕೂಗಬಾರದು ಎಂದು ಅಪ್ಪಣೆಯಾಯಿತು. ಅವಳು ಅದನ್ನೂ ನುಂಗಿಕೊಂಡಳು.

ಈ ವರ್ಷ ಅವರು ಶಾಲೆಯಲ್ಲಿ ಮೊಟ್ಟೆ ನಿಲ್ಲಿಸಿದರು. ದೇವರ ಜಾಗಕ್ಕೆ ಮೈಲಿಗೆಯಂತೆ. ರತ್ನಳ ಮೊಮ್ಮಗಳು, ಮೂರನೇ ಕ್ಲಾಸಿನ ನವ್ಯಶ್ರೀ, ಅವರೆದುರೇ ಎದ್ದು ನಿಂತು, "ಮೊಟ್ಟೆ ಸರ್ಕಾರದ್ದಲ್ದಾ?" ಎಂದು ಕೇಳಿಬಿಟ್ಟಳು. ಮೀನಿನ ವಾಸನೆಯವಳಿಗೆ ಪಂಕ್ತಿ ಬೇಡವೆಂದು ಅಧ್ಯಕ್ಷರೇ ಅವಳನ್ನು ಜಗುಲಿಯಲ್ಲಿ, ಚಪ್ಪಲಿಗಳ ಪಕ್ಕ ಊಟಕ್ಕೆ ಕೂರಿಸಿದರು. ಮಗು ಮನೆಗೆ ಬಂದು ಸೋಪು ಹಚ್ಚಿ ಹಚ್ಚಿ ಕೈ ಕೆಂಪು ಮಾಡಿಕೊಂಡಿತು. ಇನ್ನು ಶಾಲೆಗೆ ಹೋಗುವುದಿಲ್ಲವೆಂದು ಮೂಲೆ ಹಿಡಿಯಿತು.

ರತ್ನಳ ಹೊಟ್ಟೆ ಉರಿಯಿತು. ಹೇಳುವಾಗ ನನಗೆ ಈಗಲೂ ಉರಿಯುತ್ತದೆ. ಮರುದಿನದಿಂದ ಅವಳು ಆ ಹಿತ್ತಿಲಿಗೆ ಕಾಲಿಡಲಿಲ್ಲ. ಅದೇ ಹೊತ್ತಿಗೆ ಮಂಜಯ್ಯನವರ ಮನೆಗೆ ಹೊಸ ಅಳಿಯ ಬಂದ. ಪಕ್ಕದ ಕೇರಿಯಲ್ಲಿ ಮೀನು ಮಾರುವ ಪದ್ದುವನ್ನು ಕರೆದರೆ, "ರತ್ನಕ್ಕ ಹೇಳ್ದೆ ನಾ ಬುಟ್ಟಿ ಇಳ್ಸುದಿಲ್ಲ" ಎಂದು ನಡೆದೇಬಿಟ್ಟಳು. ಮಾರ್ಕೆಟ್ಟಿಗೆ ತಾವೇ ಹೋಗಲು ಅಧ್ಯಕ್ಷರಿಗೆ ಮುಖವಿಲ್ಲ; ಡ್ರೈವರನ್ನು ಕಳಿಸಿದರೆ ಊರಿಗೇ ಸುದ್ದಿ. ಅಳಿಯ ಎರಡು ಹೊತ್ತು ಬದನೆಕಾಯಿ ತಿಂದ. ಮೂರನೇ ಹೊತ್ತಿಗೆ ಮಂಜಯ್ಯ ರತ್ನಳ ಅಂಗಳದಲ್ಲಿ ನಿಂತಿದ್ದರು.

"ಆದದ್ದ್ ಆಯ್ತ್ ರತ್ನ. ನಿಂಗ್ ಎಂತ ಬೇಕ್?"

"ಶಾಲೆಗ್ ಮೊಟ್ಟೆ ಬರ್ಕ್. ನಮ್ಮ ಹೆಣ್ಣ್ ಕೂತಲ್ಲೇ ನೀವು ಕೂತ್ಕಣ್ಕ್. ನಿಮ್ಮ ಕೈಯಾರೆ ಸುಲ್ದ್ ಅದಕ್ಕೆ ಕೊಡ್ಕ್."

ಸೋಮವಾರ ಅಧ್ಯಕ್ಷರು ಬಿಳಿ ಪಂಚೆಯಲ್ಲಿ ಚಪ್ಪಲಿಗಳ ಪಕ್ಕ ಕೂತು ಮೊಟ್ಟೆ ಸುಲಿದರು. ನವ್ಯಶ್ರೀ ಅದನ್ನು ತಿಂದು, ಪಂಕ್ತಿಗೆ ಹೋಗಿ ಊಟ ಮಾಡಿದಳು.

ಅಲ್ಲಿಗೆ ಮುಗಿಯಿತೆಂದು ಮಂಜಯ್ಯ ತಿಳಿದರು. ರತ್ನಳ ಲೆಕ್ಕ ಬೇರೆ ಇತ್ತು. ಟ್ರಸ್ಟಿನವರೆಲ್ಲ ಅವರ ಚಾವಡಿಯಲ್ಲಿ ಸಭೆ ಕೂತ ದಿನ ನೋಡಿ, ಅವಳು ಎದುರುಗೇಟಿನಲ್ಲೇ ಬುಟ್ಟಿ ಇಳಿಸಿದಳು.

"ಹ್ವಾಯ್, ಅಧ್ಯಕ್ಷರೆ, ನಿಮ್ಗ್ ಅಂಜಲ್ ತಂದಿದೆ."

ಮಂಜಯ್ಯ ಓಡಿಬಂದು, ಹಿತ್ತಿಲಿಗೆ ಹೋಗೆಂದು ಹಲ್ಲು ಕಚ್ಚಿ ಪಿಸುಗುಟ್ಟಿದರು.

"ನಮ್ಮ ಹೆಣ್ಣನ್ನ ಎಲ್ಲರೆದ್ರಿಗೆ ಕೂರ್ಸಿದ್ರಿ ಅಲ್ದಾ? ಇನ್ ನಾನೂ ಎದ್ರಿಗೇ ಬಪ್ಪುದ್. ಬೇಡ ಅಂದ್ರೆ ಹೇಳಿ, ಬಪ್ಪುದೇ ಇಲ್ಲ."

ಟ್ರಸ್ಟಿನವರು ಚಾವಡಿಯಿಂದ ಕತ್ತು ಚಾಚಿ ನೋಡುತ್ತಿದ್ದರು. ರತ್ನ ಬುಟ್ಟಿ ಎತ್ತಲು ಬಗ್ಗಿದಳು. ಮಂಜಯ್ಯ ಒಮ್ಮೆ ಚಾವಡಿಯ ಕಡೆ ನೋಡಿ, ಪಂಚೆ ಎತ್ತಿಕಟ್ಟಿ, ಬುಟ್ಟಿಗೆ ಕೈ ಹಾಕಿ ಮೀನು ಆರಿಸತೊಡಗಿದರು.